ಹಳೇ ಕಲ್ಲಿನ ಮನೆ ರಿಪೇರಿ: ಗಚ್ಚು, ಸಿಮೆಂಟು, ಕಬ್ಬಿಣ ಯಾವುದು ಎಲ್ಲಿಗೆ?

ಬಾಗಲಕೋಟೆ ಜಿಲ್ಲೆಯ ಹಳ್ಳಿಯಲ್ಲಿ ನಮ್ಮದು ಹಳೇ ಮಾಳಿಗೆ ಮನೆ, ಅಂದರೆ ಮರದ ಜಂತಿಗಳ ಮೇಲೆ ಮಣ್ಣು ಹಾಕಿದ ಚಪ್ಪಟೆ ಚಾವಣಿಯ ಮನೆ. ಮರಳುಗಲ್ಲು, ಮಣ್ಣಿನ ಗಾರೆ, ಎರಡಡಿ ದಪ್ಪದ ಗೋಡೆ. ನೋಡಲು ಒಂದೇ ಗೋಡೆ, ಆದರೆ ನಿಜದಲ್ಲಿ ಎರಡು. ಹೊರಗೊಂದು ಕಲ್ಲಿನ ಪದರ, ಒಳಗೊಂದು, ನಡುವೆ ಚೂರುಗಲ್ಲು ಮತ್ತು ಮಣ್ಣು. ಇಂಥ ಮನೆಗೆ ಕೈ ಹಾಕಿದರೆ ಊರೆಲ್ಲ ಸಲಹೆ ಕೊಡುತ್ತದೆ. ಅದಕ್ಕೇ ನಾವು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ಮಾಡಿ ನೋಡಿದೆವು. ಕೆಲವು ಮಳೆಗಾಲ ಕಳೆದಿವೆ, ಈಗ ಧೈರ್ಯವಾಗಿ ಹೇಳಬಹುದು.

ಮೊದಲು ಕಲ್ಲಿನ ಸಂದು ತುಂಬುವ ಕೆಲಸ. ನಮ್ಮ ಪಶ್ಚಿಮದ ಗೋಡೆಗೆ ಮಳೆ ಹೊಡೆತ ಜಾಸ್ತಿ. ಹೋಲಿಕೆ ಸರಿ ಬರಲಿ ಎಂದು ಅದೇ ಗೋಡೆಯ ಅರ್ಧಕ್ಕೆ ಸಿಮೆಂಟ್, ಇನ್ನರ್ಧಕ್ಕೆ ಗಚ್ಚು, ಅಂದರೆ ಸುಣ್ಣದ ಗಾರೆ, ತುಂಬಿಸಿದೆವು. ಸಿಮೆಂಟ್ ಕೆಲಸ ಬೇಗ ಮುಗಿಯಿತು. ಗೌಂಡಿ (ಗಾರೆ ಕೆಲಸದವರು) ಸಿಗುತ್ತಾರೆ, ಸಾಮಾನು ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ. ಮೊದಲ ವರ್ಷ ಆ ಭಾಗವೇ ಚೆಂದ ಕಾಣುತ್ತಿತ್ತು.

ಆಮೇಲೆ ಹತ್ತಿರ ಹೋಗಿ ನೋಡಿ. ಕಲ್ಲಿಗೂ ಸಿಮೆಂಟಿಗೂ ನಡುವೆ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ನೀರು ಒಳಗೆ ಹೋಗುತ್ತದೆ. ಸಿಮೆಂಟ್ ಮೂಲಕ ಅದು ಸುಲಭವಾಗಿ ಆರುವುದಿಲ್ಲ, ಹಾಗಾಗಿ ಕಲ್ಲಿನ ಮೂಲಕವೇ ಹೊರಬರಬೇಕು. ಬರುವಾಗ ಉಪ್ಪನ್ನೂ ತರುತ್ತದೆ. ಆ ಉಪ್ಪು ಕಲ್ಲಿನ ಮೈಯಲ್ಲೇ ಹರಳುಗಟ್ಟಿ ಅದನ್ನು ಒಡೆಯುತ್ತದೆ. ಕಲ್ಲಿನ ಅಂಚಿಗೆ ಬೆರಳಿಟ್ಟು ತಿಕ್ಕಿದರೆ ಪುಡಿ ಉದುರುತ್ತಿತ್ತು. ಸಿಮೆಂಟಿನ ಗೆರೆ ಮಾತ್ರ ಗಟ್ಟಿಯಾಗಿ ಮುಂದೆ ಚಾಚಿ ನಿಂತಿತ್ತು. ಕಲ್ಲು ಸವೆದು ಗಾರೆ ಉಳಿಯಿತು ಅಂದರೆ ಲೆಕ್ಕ ತಿರುಗುಮುರುಗಾಯಿತು, ಅಲ್ವಾ? ಒಳಗಡೆ ಮೊಣಕಾಲೆತ್ತರಕ್ಕೆ ಬಣ್ಣ ಗುಳ್ಳೆ ಎದ್ದಿತ್ತು.

ಗಚ್ಚಿನ ಭಾಗದಲ್ಲಿ ಕಲ್ಲಿಗೆ ಏನೂ ಆಗಿಲ್ಲ. ಅಲ್ಲಲ್ಲಿ ಗಚ್ಚು ಉದುರಿದೆ, ಅಷ್ಟನ್ನು ಮತ್ತೆ ತುಂಬಿದರಾಯಿತು. ಆದರೆ ಶ್ರಮ ಜಾಸ್ತಿ. ಸುಟ್ಟ ಸುಣ್ಣದ ಕಲ್ಲನ್ನೇ ತಂದು ನೀರಲ್ಲಿ ಅರಳಿಸಬೇಕು. ಅದು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ವಾರಗಟ್ಟಲೆ ನೀರಿನಡಿ ಇಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕು, ಜೊತೆಗೆ ಸ್ವಲ್ಪ ಇಟ್ಟಿಗೆ ಪುಡಿ ಬೆರೆಸಿದೆವು. ಹಳೇ ಮಣ್ಣನ್ನು ಒಂದೂವರೆ ಇಂಚು ಆಳಕ್ಕೆ ಕೆರೆದು, ಕಲ್ಲಿಗೆ ನೀರು ಚಿಮುಕಿಸಿ, ಒತ್ತಿ ತುಂಬಬೇಕು. ಮೇಲೆ ಒದ್ದೆ ಗೋಣಿಚೀಲ ಕಟ್ಟಬೇಕು, ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ. ಬೇಸಿಗೆಯಲ್ಲಿ ಈ ಕೆಲಸ ಬೇಡವೇ ಬೇಡ. ಇಷ್ಟೆಲ್ಲ ಇದ್ದರೂ ಸಂದಿಗೆ ನನ್ನ ಆಯ್ಕೆ ಗಚ್ಚೇ, ಎರಡನೇ ಮಾತಿಲ್ಲ.

ಉತ್ತರದ ಗೋಡೆಯದು ಬೇರೆ ಕಥೆ. ಅದು ಹೊಟ್ಟೆ ಬಿಟ್ಟಿತ್ತು. ಹಿರಿಯ ಗೌಂಡಿಯೊಬ್ಬರು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರು. ಒಂದು ಕಡೆ ನಿಂತು, "ಇಲ್ಲಿ ಟೊಳ್ಳ ಆಗೇತ್ರಿ, ಒಳಗ ಏನೂ ಉಳಿದಿಲ್ಲ" ಅಂದರು. ಕಲ್ಲು ತೆಗೆದರೆ ನಿಜವೇ. ಮಾಳಿಗೆಯಿಂದ ಇಳಿದ ನೀರು ನಡುವಿನ ಮಣ್ಣನ್ನು ತೊಳೆದುಕೊಂಡು ಹೋಗಿತ್ತು, ಕೈ ತೂರುವಷ್ಟು ಜಾಗ. ಎರಡು ಪದರಗಳನ್ನು ಹಿಡಿದಿಡುವ ಅಡ್ಡಗಲ್ಲು ಒಂದೂ ಇರಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನರನ್ನು ಬಲಿ ತೆಗೆದುಕೊಂಡದ್ದು ಇಂಥವೇ ಗೋಡೆಗಳು, ಇಂಥವೇ ಭಾರದ ಮಣ್ಣಿನ ಮಾಳಿಗೆಗಳು. ಕಿಲ್ಲಾರಿ ನಮ್ಮ ಕಲಬುರಗಿ, ಬೀದರ್ ಜಿಲ್ಲೆಗಳಿಗೆ ಹತ್ತಿರದ ಊರು. ಇದನ್ನು ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ಹೊಟ್ಟೆ ಜೋರಾಗಿದ್ದ ಭಾಗವನ್ನು ಬಿಚ್ಚಿ ಅವೇ ಕಲ್ಲುಗಳಿಂದ ಮತ್ತೆ ಕಟ್ಟಿದೆವು. ಸುಮಾರು ಎರಡಡಿ ಎತ್ತರಕ್ಕೊಮ್ಮೆ ಗೋಡೆಯ ಪೂರಾ ದಪ್ಪಕ್ಕೆ ಸಾಲುವ ಅಡ್ಡಗಲ್ಲು ಇಟ್ಟೆವು. ಉಬ್ಬು ಕಡಿಮೆ ಇದ್ದ ಕಡೆ, ಕಿಲ್ಲಾರಿಯ ನಂತರ ಆ ಭಾಗದಲ್ಲಿ ಬಳಕೆಗೆ ಬಂದ ಉಪಾಯ ಮಾಡಿದೆವು. ಎರಡೂ ಕಡೆಯಿಂದ ಒಂದೊಂದೇ ಕಲ್ಲನ್ನು ನಿಧಾನಕ್ಕೆ ಬಿಡಿಸಿ ಆರಪಾರ ತೂತು ಮಾಡುವುದು, ಎರಡು ತುದಿ ಬಗ್ಗಿಸಿದ 8 ಮಿ.ಮೀ. ಸರಳು ಇಟ್ಟು ಕಾಂಕ್ರೀಟ್ ತುಂಬುವುದು. ಸುಮಾರು ಮೂರಡಿಗೊಂದು. ಬ್ರೇಕರ್ ಮಷೀನ್ ತರಲೇಬೇಡಿ, ಅದರ ನಡುಕಕ್ಕೇ ಪಕ್ಕದ ಕಲ್ಲುಗಳು ಸಡಿಲವಾಗುತ್ತವೆ. ಇದಕ್ಕೆ ಖರ್ಚು ಕಡಿಮೆ, ಮನೆ ಖಾಲಿ ಮಾಡಬೇಕಿಲ್ಲ. ಆದರೆ ಉಬ್ಬಿದ ಗೋಡೆ ಇದರಿಂದ ಒಳಗೆ ಹೋಗುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ ಅಷ್ಟೆ. ಇಲ್ಲಿ ಸಿಮೆಂಟಿಗೂ ಕಬ್ಬಿಣಕ್ಕೂ ನನ್ನ ತಕರಾರಿಲ್ಲ. ಮಳೆಗೆ ಮೈಯೊಡ್ಡುವ ಕಡೆ ಗಚ್ಚು, ಒಳಗೆ ಹಿಡಿದಿಡುವ ಕಡೆ ಕಾಂಕ್ರೀಟು.

ಮಾಳಿಗೆಯಲ್ಲಿ ಮೂರು ತರ ನೋಡಿದೆವು. ಪಡಸಾಲೆಯ ತೊಲೆ, ಜಂತಿ ಗಟ್ಟಿಯಿದ್ದವು. ಗೋಡೆಯೊಳಗಿನ ತುದಿ ಕೊಳೆತ ಜಂತಿಗಳನ್ನು ಮಾತ್ರ ಬದಲಿಸಿದೆವು. ಸೋರಿದಾಗಲೆಲ್ಲ ಹಿರಿಯರು ಮಣ್ಣು ಹಾಕುತ್ತಾ ಬಂದು ಅದು ಒಂದಡಿಗೂ ಮೀರಿತ್ತು. ಹತ್ತಡಿ ಹತ್ತಡಿಯ ಕೋಣೆಗೆ ಒಂದಡಿ ಮಣ್ಣೆಂದರೆ ನಾಲ್ಕು ಟನ್‌ಗೂ ಜಾಸ್ತಿ! ಎಂಟು ಇಂಚಿಗೆ ಇಳಿಸಿ, ನಡುವೆ ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಕರ್ಲು (ಸವಳು) ಮಣ್ಣು ಬಡಿದೆವು. ಏಪ್ರಿಲ್ ಬಿಸಿಲಲ್ಲಿ ಮನೆಯವರೆಲ್ಲ ಮಲಗುವುದು ಆ ಪಡಸಾಲೆಯಲ್ಲೇ. ಅಡುಗೆಮನೆಗೆ ಕಬ್ಬಿಣದ ಗರ್ಡರ್ ಇಟ್ಟು ಶಹಾಬಾದ್ ಫರಸಿ (ಚಪ್ಪಡಿ ಕಲ್ಲು) ಹಾಸಿದೆವು. ಗೆದ್ದಲಿನ ಚಿಂತೆ ಇಲ್ಲ, ಆದರೆ ಫರಸಿಯ ಸಂದುಗಳನ್ನು ವರ್ಷವರ್ಷ ನೋಡಬೇಕು. ಹಿಂದಿನ ಕೋಣೆಗೆ ಆರ್‌ಸಿಸಿ. ಐದಿಂಚಿನ ಸ್ಲ್ಯಾಬು ಒಂದಡಿ ಮಣ್ಣಿಗಿಂತ ಹಗುರ, ಸೋರುವುದೂ ಇಲ್ಲ. ಆದರೆ ಬೇಸಿಗೆಯ ರಾತ್ರಿ ಅಲ್ಲಿ ಮಲಗಲಾಗದು. ಗೋಡೆಯ ತಲೆಯ ಮೇಲೆ ಸುತ್ತಲೂ ಎರಡೂ ಪದರ ಹಿಡಿಯುವ ಕಾಂಕ್ರೀಟ್ ಪಟ್ಟಿ ಹಾಕದೆ ಸ್ಲ್ಯಾಬ್ ಕೂರಿಸಲೂಬಾರದು, ಒಂದೇ ಪದರದ ಮೇಲೆ ಭಾರ ಬೀಳುತ್ತದೆ.

ಜಂತಿ ಗಟ್ಟಿಯಿದ್ದರೆ ಮಣ್ಣು ಇಳಿಸಿ ಹಳೇ ಮಾಳಿಗೆಯನ್ನೇ ಉಳಿಸಿಕೊಳ್ಳಿ. ಹೋಗಿದ್ದರೆ ಗರ್ಡರ್ ಮತ್ತು ಫರಸಿ. ಯಾವುದೇ ಮಾಡಿ, ಮಾಳಿಗೆಯ ನೀರು ಗೋಡೆಯಿಂದ ದೂರ ಬೀಳುವಂತೆ ಉದ್ದನೆ ದೋಣಿ (ನೀರು ಹೊರಚೆಲ್ಲುವ ತೂಬು) ಮೊದಲು ಇಡಿಸಿ, ಗೋಡೆಯ ಕೆಲಸ ಆಮೇಲೆ.