ಎದೆಯ ಮೇಲಿನ ಎಕೋ, ಗಂಟಲೊಳಗಿನ ಎಕೋ

ಎಕೋ ಎಂದರೆ ಹೃದಯದ ಚಿತ್ರ ತೋರಿಸುವ ಪರೀಕ್ಷೆ; ಅದರಲ್ಲಿ ಈ ಎರಡು ಬಗೆ. ಎರಡರಲ್ಲೂ ಕೆಲಸ ಮಾಡುವುದು ಶ್ರವಣಾತೀತ (ಕಿವಿಗೆ ಕೇಳಿಸದ) ಧ್ವನಿತರಂಗ, ವಿಕಿರಣದ ಭಯವಿಲ್ಲ. ಎದೆಯ ಮೇಲಿನದು ಸುಲಭ. ಎಡಮಗ್ಗುಲಾಗಿ ಮಲಗಿಸಿ, ತಣ್ಣನೆಯ ಜೆಲ್ ಸವರಿ, ಪಕ್ಕೆಲುಬುಗಳ ಸಂದಿಯಿಂದ ಹೃದಯವನ್ನು ನೋಡುತ್ತಾರೆ. ಉಪವಾಸ ಬೇಕಿಲ್ಲ. ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಗಡೆಯ ಕೆಳಕೋಣೆ, ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ತಳ್ಳುತ್ತದೆ (ಸಾಮಾನ್ಯವಾಗಿ ಶೇ 55ರಿಂದ 70), ಕವಾಟ ಸೋರುತ್ತಿದೆಯೇ ಎಂದು ತಿಳಿಯಲು ಹೆಚ್ಚಿನವರಿಗೆ ಇದೇ ಸಾಕು. ಆದರೆ ದಪ್ಪ ಮೈಯವರಲ್ಲಿ ಚಿತ್ರ ಕೆಲವೊಮ್ಮೆ ಮಸುಕು.

ಇನ್ನೊಂದರಲ್ಲಿ ಕೊಳವೆ ಅನ್ನನಾಳಕ್ಕಿಳಿದು ಎಡ ಹೃತ್ಕರ್ಣದ (ಹೃದಯದ ಎಡಗಡೆಯ ಮೇಲ್ಕೋಣೆಯ) ಬೆನ್ನಿಗೇ ನಿಲ್ಲುತ್ತದೆ; ಅಲ್ಲಿನ ರಕ್ತದ ಹೆಪ್ಪು, ಕೃತಕ ಕವಾಟದ ದೋಷ, ಕವಾಟದ ಸೋಂಕು ಹೆಚ್ಚು ಸ್ಪಷ್ಟ. ಬೆಲೆಯಾಗಿ ಸುಮಾರು 6 ಗಂಟೆ ಉಪವಾಸ, ಗಂಟಲು ಮರಗಟ್ಟಿಸುವ ಸ್ಪ್ರೇ, ಮಂಪರಿನ ಮದ್ದು. ಆ ದಿನ ಗಾಡಿ ಓಡಿಸುವಂತಿಲ್ಲ. ನುಂಗಲು ತೊಂದರೆಯಿದ್ದರೆ ಮೊದಲೇ ಹೇಳಿ. ಮೊದಲ ಪರೀಕ್ಷೆಯಾಗಿಯೇ ಇದನ್ನು ಬರೆದುಕೊಟ್ಟರೆ, ಏಕೆಂದು ಸಂಕೋಚವಿಲ್ಲದೆ ಕೇಳಿ.