ಗೋಡೆಗೆ ಲಂಡನ್ನೋ ರೋಮೋ?

ಗೋಡೆಗೆ ಹಾಕೋಕೆ ಹಳೇ ನಗರದೃಶ್ಯದ, ಅಂದರೆ ಇಡೀ ಊರನ್ನು ತೋರಿಸುವ ಮುದ್ರಿತ ಚಿತ್ರದ, ಒಂದೇ ಒಂದು ಪ್ರತಿ ತಗೊಳ್ಳೋದಾದರೆ ನಾನು ಇಂಗ್ಲೆಂಡಿನ ಕೆತ್ತನೆ ಕಲಾವಿದರಾದ ಬಕ್ ಸಹೋದರರ 1749ರ ಲಂಡನ್ನನ್ನೇ ಆರಿಸುತ್ತೇನೆ. ಐದು ಹಾಳೆ ಜೋಡಿಸಿದರೆ ಸುಮಾರು ನಾಲ್ಕು ಮೀಟರ್ ಉದ್ದ, ಆದರೆ ಎತ್ತರ ಕಡಿಮೆ, ಹಾಗಾಗಿ ಉದ್ದನೆಯ ಗೋಡೆ ಬೇಕೇ ಬೇಕು. ಥೇಮ್ಸ್ ನದಿಯ ದಕ್ಷಿಣ ದಂಡೆಯಿಂದ ಕಂಡ ಊರು ಅದು. ಒಂದು ಕಡೆ ಹೊಸ ವೆಸ್ಟ್‌ಮಿನ್‌ಸ್ಟರ್ ಸೇತುವೆ, ಇನ್ನೊಂದು ಕಡೆ ಮೈಮೇಲೆ ಮನೆಗಳನ್ನು ಹೊತ್ತ ಹಳೇ ಲಂಡನ್ ಸೇತುವೆ, ಆ ಮನೆಗಳನ್ನು ಸುಮಾರು ಹತ್ತು ವರ್ಷದಲ್ಲೇ ಕೆಡವಿಬಿಟ್ಟರು ಅಂದ್ಕೊಂಡು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ, ಅಲ್ವಾ?

ಇಟಲಿಯ ಕೆತ್ತನೆ ಕಲಾವಿದ ಜುಸೆಪ್ಪೆ ವಾಸಿಯ 1765ರ ರೋಮ್ ಬೇರೆ ಥರ. ಹನ್ನೆರಡು ಹಾಳೆ, ಜಾನಿಕುಲಮ್ ಗುಡ್ಡದ ಮೇಲಿಂದ ಕಂಡ ನೋಟ. ಎತ್ತರವೂ ಇದೆ, ಆಳವೂ ಜಾಸ್ತಿ. ಗುಮ್ಮಟಗಳನ್ನು ಒಂದೊಂದಾಗಿ ಗುರುತಿಸುವ ಆಸೆ ಇದ್ದರೆ ಇದನ್ನೇ ತಗೊಳ್ಳಿ.