ಕೆಂಧೂಳಿನ ಊರಲ್ಲಿ ಕೋನ್ ಫಿಲ್ಟರ್, ಹೊಸ ಸೈಲೆನ್ಸರ್: ಎರಡು ವರ್ಷದ ಅನುಭವ

ನನ್ನದು 2017ರ ಇಸುಜು ವಿ-ಕ್ರಾಸ್ ಪಿಕಪ್. 2.5 ಲೀಟರ್ ಡೀಸೆಲ್, 134 ಎಚ್‌ಪಿ, ಬಿಎಸ್-4. ಎರಡು ವರ್ಷದ ಹಿಂದೆ ಕೋನ್ ಫಿಲ್ಟರ್ ಕಿಟ್ (ಇಂಜಿನ್ನಿಗೆ ಹೋಗುವ ಗಾಳಿ ಸೋಸುವ ಶಂಕುವಿನಾಕಾರದ ಫಿಲ್ಟರ್) ಮತ್ತು ಸ್ಟೀಲ್ ಸೈಲೆನ್ಸರ್ ಹಾಕಿಸಿದೆ. ಎರಡೂ ಸೇರಿ 52,000 ರೂಪಾಯಿ. ಅಲ್ಲಿಂದ 36,000 ಕಿಲೋಮೀಟರ್ ಓಡಿದೆ. ಅರ್ಧಕ್ಕೂ ಜಾಸ್ತಿ ಬಳ್ಳಾರಿ, ತೋರಣಗಲ್ಲು, ಸಂಡೂರು ಕಡೆಗೇ. ಈಗ ಸೈಲೆನ್ಸರ್ ಗಾಡಿಯಲ್ಲಿದೆ, ಕೋನ್ ಫಿಲ್ಟರ್ ಅಟ್ಟದ ಮೇಲಿದೆ.

‘ಪಿಕಪ್ ಗಾಡಿಗೆ ಪಿಕಪ್ ಬಂತಾ?’ ಅಂತ ಎಲ್ಲರೂ ಕೇಳುತ್ತಾರೆ. ಬಂದದ್ದು ಸದ್ದು. ಮೊದಲ ವಾರ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ) ಹಾಕುವ ಸಿಳ್ಳೆ ಕೇಳಿಯೇ ಗಾಡಿ ಹಾರುತ್ತಿದೆ ಅನಿಸಿತ್ತು. ಹಿಂದೆ ನಾಲ್ಕು ಚೀಲ ಸಿಮೆಂಟ್ ಹಾಕಿಕೊಂಡು ಸಂಡೂರಿನ ಏರು ಹತ್ತಿದಾಗ ಆ ಭ್ರಮೆ ಇಳಿಯಿತು. ಮೊದಲು ಎಲ್ಲಿ ಮೂರನೇ ಗೇರಿಗೆ ಇಳಿಸುತ್ತಿದ್ದೆನೋ ಈಗಲೂ ಅಲ್ಲೇ. ಟರ್ಬೊ ಡೀಸೆಲ್‌ನಲ್ಲಿ ಎಷ್ಟು ಡೀಸೆಲ್, ಎಷ್ಟು ಬೂಸ್ಟ್ (ಟರ್ಬೊ ಒತ್ತಡ) ಅನ್ನೋದನ್ನು ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ನಿರ್ಧರಿಸುತ್ತದೆ. ಅದನ್ನು ಮುಟ್ಟದೆ ಪೈಪ್ ಬದಲಿಸಿದರೆ ಹೇಳಿಕೊಳ್ಳುವಂಥ ಬದಲಾವಣೆ ಆಗಲ್ಲ. ಮೈಲೇಜ್ ಮೊದಲೂ 12, ಈಗಲೂ 12.

ನಿಜವಾದ ತೊಂದರೆ ಧೂಳಿನದು. ಕಂಪನಿಯ ಏರ್ ಫಿಲ್ಟರ್ ಡಬ್ಬಿಯಲ್ಲಿ ಪೇಪರ್ ಫಿಲ್ಟರ್ ಇರುತ್ತದೆ, ಗಾಳಿ ಹೊರಗಿನಿಂದ ಬರುತ್ತದೆ. ಈ ಕೋನ್ ಬಾನೆಟ್ ಒಳಗೆ ಬೋಳಾಗಿ ಕೂತು ಇಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಬೇಕಾ? ಸಾಲದ್ದಕ್ಕೆ ಫಿಲ್ಟರಿನ ಬಟ್ಟೆಗೆ ಎಣ್ಣೆ ಸವರಬೇಕು. ನಾನು ತೊಳೆದು ಸ್ವಲ್ಪ ಧಾರಾಳವಾಗಿಯೇ ಸವರಿದ್ದೆ. ಅದು ಹೋಗಿ ಗಾಳಿ ಅಳೆಯುವ ಸೆನ್ಸರಿಗೆ ಅಂಟಿ, ಚೆಕ್ ಇಂಜಿನ್ ಲೈಟ್ ಹೊತ್ತಿತು. ಮೆಕ್ಯಾನಿಕ್ ಸ್ಪ್ರೇ ಹೊಡೆದು ಸೆನ್ಸರ್ ಸರಿಮಾಡಿದ. ಆಮೇಲೆ, ‘ಅಣ್ಣಾ, ಇಲ್ಲಿ ಬೆರಳಿಟ್ಟು ನೋಡು’ ಅಂದ. ಫಿಲ್ಟರ್ ದಾಟಿದ ಮೇಲಿನ ಪೈಪದು. ಒಳಗೆ ಬೆರಳಾಡಿಸಿ ತೆಗೆದರೆ ಕುಂಕುಮದ ಬಟ್ಟಲಿಗೆ ಅದ್ದಿದ ಹಾಗೆ ಕೆಂಪು! ಮುಂದೆ ಇರುವುದು ಟರ್ಬೊ ಚಕ್ರ. ಅಲ್ಲಿ ಅದಿರಿನ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಅವತ್ತೇ ಹಳೇ ಡಬ್ಬಿ ವಾಪಸ್ ಕೂರಿಸಿದೆ. ಈಗ 10,000 ಕಿಲೋಮೀಟರಿಗೊಮ್ಮೆ ಪೇಪರ್ ಫಿಲ್ಟರ್ ಬದಲಿಸುತ್ತೇನೆ, ನಿಶ್ಚಿಂತೆ.

ಸೈಲೆನ್ಸರ್ ಬಗ್ಗೆ ಅಷ್ಟು ಬೇಸರ ಇಲ್ಲ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟದೆ, ಅದರ ಹಿಂದಿನ ಪೈಪ್ ಮಾತ್ರ ಬದಲಿಸಿದ್ದು. ಹೊಗೆ ಪರೀಕ್ಷೆ ಪಾಸಾಗಿದೆ, ತುಕ್ಕಿಲ್ಲ. ಆದರೆ 2,000 ಆರ್‌ಪಿಎಂ ಸುತ್ತಮುತ್ತ ಒಳಗೆ ಗುಂಯ್ ಅನ್ನುತ್ತಿತ್ತು. ಹೊಸಪೇಟೆ ಮುಟ್ಟುವಷ್ಟರಲ್ಲಿ ತಲೆನೋವು. ಪಕ್ಕದ ಮನೆ ಅಜ್ಜಿ, ‘ತಮ್ಮಾ, ನಿನ್ ಗಾಡಿ ಬಂತಂದ್ರ ಕೂಸು ಎದ್ದು ಕುಂದರ್ತೈತಪ್ಪ’ ಅಂದ ಮೇಲೆ ಇನ್ನೊಂದು 4,000 ಕೊಟ್ಟು ಆ ಗುಂಯ್ ಸದ್ದು ತಗ್ಗಿಸುವ ರೆಸೊನೇಟರ್ ಹಾಕಿಸಿದೆ. ಈಗ ಕೂಸೂ ಮಲಗುತ್ತೆ, ನಾನೂ ಬೈಸಿಕೊಳ್ಳಲ್ಲ. ಪೊಲೀಸರ ಲೆಕ್ಕವೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಶಬ್ದ, ಹೊಗೆ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಹೀಗೆ ಗಾಡಿ ಬದಲಾಯಿಸುವುದಿದ್ದರೆ ಇನ್ಶೂರೆನ್ಸಿನವರಿಗೂ ಮೊದಲೇ ತಿಳಿಸಿ.

ಕೋನ್ ಕಿಟ್ ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ. ಸಂಡೂರಿನವರು ಕೇಳಿದರೆ ಮಾತ್ರ ಕೊಡಲ್ಲ.